ಕಾಣದ ಸರಕಿಗೊಂದು ಕೊಳಗ ಬೇಕು

ಸಂತೆಯಲ್ಲಿ ರಾಗಿಯನ್ನು ಕೊಳ್ಳುವವನು ಮೂರು ಸಂಗತಿಗಳನ್ನು ವಿಚಾರಿಸದೆ ಕೈಚೀಲವನ್ನು ಬಿಚ್ಚುವುದಿಲ್ಲ. ಕಾಳು ಎಂತಹುದು, ಅಳತೆ ಎಷ್ಟು, ಬೆಲೆ ಏನು, ಇವೇ ಆ ಮೂರು. ಇವುಗಳಲ್ಲಿ ಒಂದು ಅಸ್ಪಷ್ಟವಾಗಿದ್ದರೂ ವ್ಯಾಪಾರ ಕುದುರುವುದಿಲ್ಲ. ಚನ್ನರಾಯಪಟ್ಟಣದ ಸಂತೆಯಲ್ಲಿ ಇಷ್ಟೊಂದು ಎಚ್ಚರದಿಂದ ನಡೆದುಕೊಳ್ಳುವ ಮನುಷ್ಯನೇ ಮೊಬೈಲ್ ಅಂಗಡಿಯನ್ನು ಹೊಕ್ಕೊಡನೆ ಬೇರೆಯವನಾಗುತ್ತಾನೆ. ಗೋಡೆಗೆ ಅಂಟಿಸಿದ ಬಣ್ಣದ ಹಾಳೆಯಲ್ಲಿ ಕಂಡ ಒಂದು ಅಂಕಿಯನ್ನು ಓದಿ, ಅಂಗಡಿಯ ಹುಡುಗನು ತೋರಿಸಿದ ಕಡೆ ಬೆರಳನ್ನೊತ್ತಿ, ತಿಂಗಳು ತಿಂಗಳೂ ಹಣ ತೆರುವ ಕರಾರಿಗೆ ಒಪ್ಪಿಕೊಂಡು ಬರುತ್ತಾನೆ. ಕೊಂಡ ಸರಕು ಎಂತಹುದು, ಅದರ ಅಳತೆ ಯಾವುದು, ನಿಜವಾದ ಬೆಲೆಯೇನು ಎಂದು ಅವನನ್ನು ಕೇಳಿದರೆ ಉತ್ತರ ದೊರೆಯುವುದು ಕಷ್ಟ.

ಇದು ಅವನ ದಡ್ಡತನವಲ್ಲ. ಸರಕು ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಮೇಲಾಗಿ ಅದನ್ನು ಅಳೆಯುವ ಕೊಳಗವು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಧಾನ್ಯದ ವ್ಯಾಪಾರವೂ ಹೀಗೆಯೇ ಇತ್ತು. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ಹೆಸರುಗಳು ಎಲ್ಲೆಲ್ಲಿಯೂ ಒಂದೇ ಆಗಿದ್ದರೂ ಅವುಗಳ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಈ ಗೊಂದಲವನ್ನು ಕೊನೆಗಾಣಿಸಲೆಂದೇ ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಶಾಸನವು ಬಂದಿತು. ೧೯೫೭ನೆಯ ಏಪ್ರಿಲ್ ೧ರಂದು ದಶಮಾಂಶ ನಾಣ್ಯಗಳು ಚಲಾವಣೆಗೆ ಬಂದವು. ಅನಂತರ ಹಂತಹಂತವಾಗಿ ಕಿಲೋಗ್ರಾಂ, ಲೀಟರು, ಮೀಟರುಗಳು ಸಂತೆಯೊಳಕ್ಕೆ ಕಾಲಿಟ್ಟವು. ಅಂದು ಧಾನ್ಯಕ್ಕೆ ಆದ ಉಪಕಾರವು ಇಂದು ದೂರವಾಣಿ ಸೇವೆಗೂ ಆಗಬೇಕೆಂಬುದೇ ಈ ಲೇಖನದ ಪ್ರತಿಪಾದನೆ. ಅದು ಆಗುವವರೆಗೆ, ವಿಜ್ಞಾನವನ್ನೋದುವ ವಿದ್ಯಾರ್ಥಿಗಳು ತಮ್ಮ ಮನೆಯವರಿಗಾಗಿ ಸ್ವಂತ ಕೊಳಗವೊಂದನ್ನು ಮಾಡಿಕೊಳ್ಳಬೇಕೆಂಬುದು ಇದರ ಎರಡನೆಯ ಮಾತು.

ನಾಲ್ಕು ಊರುಗಳು, ಒಂದೇ ದರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ಹಾಸನದಿಂದ ಉಳಿದ ಮೂರಕ್ಕೂ ಇರುವ ದೂರ ಸುಮಾರು ೩೦ರಿಂದ ೪೦ ಕಿಲೋಮೀಟರು. ಆದರೆ ತಂತಿಯ ದೂರವಾಣಿಯ ಕಾಲದಲ್ಲಿ ಇವು ಬೇರೆಬೇರೆ ಸೀಮೆಗಳು. ಹಾಸನದ ಸಂಕೇತಾಂಕ ೦೮೧೭೨, ಹೊಳೆನರಸೀಪುರ ಮತ್ತು ಅರಕಲಗೂಡುಗಳದು ೦೮೧೭೫, ಚನ್ನರಾಯಪಟ್ಟಣದ್ದು ೦೮೧೭೬. ಕರೆಯು ಸಾಗುವ ದೂರ ಹೆಚ್ಚಿದಂತೆಲ್ಲ ಮೀಟರಿನ ಪಲ್ಸು ಬೇಗಬೇಗನೆ ಬೀಳುತ್ತಿತ್ತು. ರಾತ್ರಿ ಹೊತ್ತಾದ ಮೇಲೆ ದರ ಇಳಿಯುವುದನ್ನು ಕಾದು, ಜನರು ಎಸ್‌ಟಿಡಿ ಬೂತುಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಆ ದರಕ್ಕೆ ಒಂದು ಗುಣವಿತ್ತು. ಅದು ದುಬಾರಿಯಾಗಿದ್ದರೂ ಕಣ್ಣಿಗೆ ಕಾಣುತ್ತಿತ್ತು. ಬೂತಿನ ಕೆಂಪು ಅಂಕಿಗಳು ಓಡುತ್ತಿದ್ದುದನ್ನು ನೋಡುತ್ತಲೇ ಜನ ಮಾತನ್ನು ಮೊಟಕುಗೊಳಿಸುತ್ತಿದ್ದರು.

ಭಾರತದಲ್ಲಿ ಮೊದಲನೆಯ ಮೊಬೈಲ್ ಕರೆಯು ೧೯೯೫ನೆಯ ಜುಲೈ ೩೧ರಂದು ನಡೆಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಂ ಅವರೊಡನೆ ಮಾತನಾಡಿದರು. ಆಗ ಬರುವ ಕರೆಗೂ ಹಣ ತೆರಬೇಕಾಗಿತ್ತು. ೨೦೦೩ರಲ್ಲಿ, ಕರೆ ಮಾಡಿದವನೇ ಹಣ ಕೊಡತಕ್ಕದ್ದೆಂಬ ಪದ್ಧತಿ ಬಂದ ಮೇಲೆ ಬರುವ ಕರೆಗಳು ಉಚಿತವಾದವು. ೨೦೦೯ರಲ್ಲಿ ಸೆಕೆಂಡಿನ ಲೆಕ್ಕದ ದರ ಜನಪ್ರಿಯವಾಯಿತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ತರುವಾಯ ದೇಶದೊಳಗಣ ಮಾತು ಪ್ರತ್ಯೇಕ ಬೆಲೆಯುಳ್ಳ ವಸ್ತುವಾಗಿಯೇ ಉಳಿಯಲಿಲ್ಲ. ಇಂದು ಅರಕಲಗೂಡಿನಿಂದ ಕೋಣನೂರಿಗೆ ಮಾಡಿದ ಕರೆಗೂ ಕಾಶ್ಮೀರಕ್ಕೆ ಮಾಡಿದ ಕರೆಗೂ ಬಹುಪಾಲು ಪ್ಲಾನುಗಳಲ್ಲಿ ವ್ಯತ್ಯಾಸವಿಲ್ಲ. ದೂರವೆಂಬುದು ದರದಿಂದ ಅಳಿಸಿಹೋಯಿತು. ಅದರ ಜೊತೆಗೆ ಮೀಟರೂ ಕಣ್ಮರೆಯಾಯಿತು. ಬೆಲೆ ಇಳಿದುದು ನಿಸ್ಸಂದೇಹವಾಗಿ ದೊಡ್ಡ ಲಾಭ. ಆದರೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆಂಬ ಅರಿವು ಗ್ರಾಹಕನಿಂದ ಜಾರಿಹೋದುದು ಅಷ್ಟೇ ದೊಡ್ಡ ನಷ್ಟ.

ಮೊದಲು ಗೋಪುರ, ಆಮೇಲೆ ಪ್ಲಾನು

ಹಾಸನದವರಿಗೆ ತಮ್ಮ ಊರಿನ ಬಗ್ಗೆ ಒಂದು ಹೆಮ್ಮೆಯಿದೆ. ೧೯೮೨ರಲ್ಲಿ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಅಲ್ಲಿದೆ. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳಿಗೆ ಅಲ್ಲಿಂದ ಆಜ್ಞೆಗಳು ಹೋಗುತ್ತವೆ. ಇದರಿಂದಲೋ ಏನೋ, ಕೈಯಲ್ಲಿರುವ ಮೊಬೈಲೂ ಉಪಗ್ರಹದೊಡನೆಯೇ ಮಾತನಾಡುತ್ತದೆಂಬ ಭಾವನೆ ಅನೇಕ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ತಪ್ಪು. ಅಷ್ಟು ದೂರಕ್ಕೆ ಹೋಗಿಬರಲು ರೇಡಿಯೋ ಅಲೆಗೆ ಕಾಲು ಸೆಕೆಂಡಿನಷ್ಟು ಹೊತ್ತು ಬೇಕು. ಪ್ರಶ್ನೆ ಕೇಳಿ ಉತ್ತರ ಪಡೆಯುವುದರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ನಮ್ಮ ನಿತ್ಯದ ಕರೆಗಳಲ್ಲಿ ಅಂತಹ ತಡೆ ಇಲ್ಲವೆಂಬುದನ್ನು ಯಾರಾದರೂ ಗಮನಿಸಬಹುದು. ನಮ್ಮ ಫೋನು ಮಾತನಾಡುವುದು ಒಂದೆರಡು ಕಿಲೋಮೀಟರು ಆಚೆ ನಿಂತಿರುವ ಗೋಪುರದೊಡನೆ. ಅಲ್ಲಿಂದ ಮುಂದೆ ಸಂದೇಶವು ನೆಲದೊಳಗಿನ ಗಾಜಿನ ಎಳೆಯಲ್ಲಿಯೋ ಗೋಪುರದಿಂದ ಗೋಪುರಕ್ಕೆ ನೆಗೆಯುವ ಸೂಕ್ಷ್ಮ ತರಂಗಗಳಲ್ಲಿಯೋ ಸಾಗಿ ಸ್ವಿಚಿಂಗ್ ಕೇಂದ್ರವನ್ನು ಮುಟ್ಟುತ್ತದೆ.

ಈ ಸಂಗತಿಯು ಪ್ಲಾನಿನ ಆಯ್ಕೆಗೆ ನೇರವಾಗಿ ಸಂಬಂಧಿಸಿದುದು. ೪ಜಿ ಫೋನು ಪ್ರಸಾರ ಮಾಡಬಲ್ಲ ಗರಿಷ್ಠ ಶಕ್ತಿ ಸುಮಾರು ಒಂದು ವಾಟಿನ ಐದನೆಯ ಒಂದು ಭಾಗ. ಗೋಪುರದ ಕೂಗು ಫೋನಿಗೆ ಕೇಳಿಸಿದ ಮಾತ್ರಕ್ಕೆ ಫೋನಿನ ಪಿಸುಮಾತು ಗೋಪುರಕ್ಕೆ ಕೇಳಿಸಬೇಕೆಂದೇನೂ ಇಲ್ಲ. ಅಲೆಯ ಉದ್ದವೂ ಮುಖ್ಯ. ೯೦೦ ಮೆಗಾಹರ್ಟ್ಸ್ ಆವರ್ತಾಂಕದ ಅಲೆಯ ಉದ್ದ ಸುಮಾರು ೩೩ ಸೆಂಟಿಮೀಟರು. ೫ಜಿಗೆ ಬಳಸುವ ೩೫೦೦ ಮೆಗಾಹರ್ಟ್ಸ್ ಅಲೆಯದು ೯ ಸೆಂಟಿಮೀಟರಿಗೂ ಕಡಮೆ. ಉದ್ದವಾದ ಅಲೆಯು ದಿಣ್ಣೆಗಳ ಅಂಚಿನಲ್ಲಿ ಬಾಗಿ ದೂರದವರೆಗೆ ಸಾಗುತ್ತದೆ; ಗಿಡ್ಡ ಅಲೆಯು ಗೋಡೆಗೂ ಮರಕ್ಕೂ ಬೇಗನೆ ಸೋಲುತ್ತದೆ. ಹಾಸನದ ಬಯಲು ಬೀದಿಗಳಲ್ಲಿ ಚುರುಕಾಗಿ ಓಡುವ ಜಾಲವು, ಮಲೆನಾಡಿನ ಅಂಚಿನಲ್ಲಿರುವ ಅರಕಲಗೂಡಿನ ಪಶ್ಚಿಮದ ಹಳ್ಳಿಗಳಲ್ಲಿಯೂ, ತೆಂಗಿನ ತೋಟಗಳ ನಡುವಣ ಮನೆಯಲ್ಲಿಯೂ ಹಾಗೆಯೇ ಓಡುವುದೆಂದು ನಂಬಲು ಆಧಾರವಿಲ್ಲ.

ಆದುದರಿಂದ ಮಾಡಬೇಕಾದ ಮೊದಲನೆಯ ಪ್ರಯೋಗ ಇದು. ಫೋನಿನ ಸೆಟ್ಟಿಂಗುಗಳಲ್ಲಿ ಸಿಮ್ಮಿನ ವಿವರವನ್ನು ತೆರೆದರೆ ಅನೇಕ ಫೋನುಗಳಲ್ಲಿ ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ಸಂಖ್ಯೆ ಕಾಣುತ್ತದೆ. ಅದು ಋಣ ಸಂಖ್ಯೆ. −೮೦ ಎಂದರೆ ಬಲವಾದ ಸಂಕೇತ; −೧೧೦ ಎಂದರೆ ಕ್ಷೀಣವಾದದ್ದು. ಇದು ಲಾಗರಿದಮ್ ಮಾನವೆಂಬುದನ್ನು ಮರೆಯಬಾರದು. ಹತ್ತು ಇಳಿದರೆ ಶಕ್ತಿಯು ಹತ್ತನೆಯ ಒಂದು ಪಾಲಾಗುತ್ತದೆ. ಮೂವತ್ತು ಇಳಿದರೆ ಸಾವಿರದ ಒಂದು ಪಾಲು. ಮನೆಯ ನಡುಮನೆ, ಹಿತ್ತಿಲು, ತೋಟ, ಕಾಲೇಜು, ವಿದ್ಯಾರ್ಥಿನಿಲಯ, ಬಸ್ ನಿಲ್ದಾಣ ಈ ಸ್ಥಳಗಳಲ್ಲಿ ನೆರೆಯವರ ಬೇರೆಬೇರೆ ಕಂಪನಿಗಳ ಫೋನುಗಳನ್ನು ಹಿಡಿದು ಈ ಸಂಖ್ಯೆಯನ್ನು ಬರೆದುಕೊಂಡರೆ, ಯಾವ ಜಾಹೀರಾತೂ ಕೊಡಲಾರದ ನಕ್ಷೆಯೊಂದು ಕೈಗೆ ಬರುತ್ತದೆ. ಕಂಪನಿಗಳು ತಮ್ಮ ಜಾಲದ ವ್ಯಾಪ್ತಿಯ ನಕ್ಷೆಗಳನ್ನು ತಮ್ಮ ತಾಣಗಳಲ್ಲಿ ಪ್ರಕಟಿಸತಕ್ಕದ್ದೆಂದು ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ೨೦೨೪ರ ನಿಯಮಗಳು ವಿಧಿಸಿವೆ. ಆ ನಕ್ಷೆಯನ್ನೂ ನೋಡಬೇಕು. ತನ್ನ ಅಳತೆಯೊಡನೆ ಹೋಲಿಸಿಯೂ ನೋಡಬೇಕು. ಸಂಕೇತವೇ ಇಲ್ಲದ ಮನೆಯಲ್ಲಿ ಮಿತಿಯಿಲ್ಲದ ಪ್ಲಾನು ಇದ್ದೇನು ಪ್ರಯೋಜನ?

ಬಿಟ್ಟು ಬೈಟುಗಳ ಲೆಕ್ಕ

ಎರಡನೆಯದು ಅಳತೆಯ ಮಾತು. ವೇಗವನ್ನು ಹೇಳುವಾಗ ಕಂಪನಿಗಳು ಬಿಟ್ ಎಂಬ ಮಾನವನ್ನೂ, ಪ್ರಮಾಣವನ್ನು ಹೇಳುವಾಗ ಬೈಟ್ ಎಂಬ ಮಾನವನ್ನೂ ಬಳಸುತ್ತವೆ. ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟು. ಸೆಕೆಂಡಿಗೆ ೮ ಮೆಗಾಬಿಟ್ ವೇಗವಿದ್ದರೆ ಸೆಕೆಂಡಿಗೆ ಒಂದು ಮೆಗಾಬೈಟು ಇಳಿಯುತ್ತದೆ; ಒಂದು ಜಿಬಿ ಇಳಿಯಲು ಸುಮಾರು ೧೭ ನಿಮಿಷ ಹಿಡಿಯುತ್ತದೆ.

ಈಗ ಮಾತಿಗೂ ಚಿತ್ರಕ್ಕೂ ಇರುವ ತಾರತಮ್ಯವನ್ನು ನೋಡೋಣ. ಜಿಎಸ್‌ಎಂ ಪದ್ಧತಿಯ ಮೂಲ ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ ೧೩ ಕಿಲೋಬಿಟ್ಟುಗಳಾಗಿ ಪರಿವರ್ತಿಸುತ್ತಾರೆ. ಒಂದು ಗಂಟೆ ಮಾತಿಗೆ ೧೩ × ೩೬೦೦ ÷ ೮, ಅಂದರೆ ೫೮೫೦ ಕಿಲೋಬೈಟು. ಸುಮಾರು ೬ ಎಂಬಿ. ಹೆಚ್ಚು ಸ್ಪಷ್ಟತೆಯ ಚಲನಚಿತ್ರವು ಸೆಕೆಂಡಿಗೆ ೪ ಮೆಗಾಬಿಟ್ ನುಂಗುವುದಾದರೆ ಗಂಟೆಗೆ ೧೮೦೦ ಎಂಬಿ. ಒಂದು ಗಂಟೆಯ ಚಿತ್ರವೆಂದರೆ ಮುನ್ನೂರು ಗಂಟೆಯ ಮಾತು! ಅದೇ ಚಿತ್ರವನ್ನು ಸಾಧಾರಣ ಸ್ಪಷ್ಟತೆಯಲ್ಲಿ, ಸೆಕೆಂಡಿಗೆ ಒಂದು ಮೆಗಾಬಿಟ್ಟಿನಂತೆ ನೋಡಿದರೆ ೪೫೦ ಎಂಬಿ ಸಾಕು. ಅಂಗೈಯಗಲದ ಪರದೆಯ ಮೇಲೆ ಇವೆರಡರ ಅಂತರ ಅಷ್ಟಾಗಿ ತೋರುವುದೂ ಇಲ್ಲ.

ಇದರಿಂದ ಒಂದು ತಥ್ಯ ಹೊರಪಡುತ್ತದೆ. ಮಿತಿಯಿಲ್ಲದ ಕರೆಗಳೆಂಬುದು ಕಂಪನಿಗೆ ದೊಡ್ಡ ದಾನವೇನೂ ಅಲ್ಲ. ಮೇಲಿನ ದರ್ಜೆಯ ಪ್ಲಾನಿಗೆ ನಾವು ತೆರುವ ಹಣವೆಲ್ಲ ಬಹುಮಟ್ಟಿಗೆ ಚಿತ್ರದ ಬೆಲೆ. ಚಿತ್ರವನ್ನು ನೋಡದ ವೃದ್ಧರು ಆ ಹಣವನ್ನು ಏತಕ್ಕೆ ತೆರಬೇಕು? ಈ ಅನ್ಯಾಯವನ್ನು ಮನಗಂಡೇ ಟ್ರಾಯ್ ೨೦೨೪ರ ಡಿಸೆಂಬರಿನಲ್ಲಿ, ಪ್ರೀಪೇಯ್ಡ್ ಗ್ರಾಹಕರಿಗೆ ಮಾತು ಮತ್ತು ಕಿರುಸಂದೇಶ ಮಾತ್ರವೇ ಇರುವ ವೋಚರೊಂದನ್ನಾದರೂ ಒದಗಿಸಬೇಕೆಂದು ಕಂಪನಿಗಳಿಗೆ ವಿಧಿಸಿತು. ಹೊಳೆನರಸೀಪುರದ ಹಳ್ಳಿಯಲ್ಲಿರುವ ಅಜ್ಜಿಗೆ ಮೊಮ್ಮಗನು ಪ್ಲಾನು ಹಾಕಿಸುವಾಗ ಇದನ್ನು ಕೇಳಿ ಪಡೆಯತಕ್ಕದ್ದು.

ಸರಾಸರಿಯ ಮೋಸ

ಭಾರತದ ಗ್ರಾಹಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗಿಂತ ಹೆಚ್ಚಿನವರು ಪ್ರೀಪೇಯ್ಡ್, ಅಂದರೆ ಮುಂಗಡ ಹಣದವರು. ಪೋಸ್ಟ್‌ಪೇಯ್ಡ್ ಎಂಬುದು ಬಳಸಿ ಆದಮೇಲೆ ಹಣ ತೆರುವ ಪದ್ಧತಿ. ಒಂದರ್ಥದಲ್ಲಿ ತಿಂಗಳ ಸಾಲ. ಇವೆರಡರಲ್ಲಿ ಯಾವುದು ಮೇಲು ಎಂದು ಕೇಳುವುದು, ಎತ್ತಿನ ಗಾಡಿ ಮೇಲೋ ದೋಣಿ ಮೇಲೋ ಎಂದು ಕೇಳಿದಂತೆ. ದಾರಿ ನೆಲದ ಮೇಲಿದೆಯೋ ನೀರಿನ ಮೇಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು.

ಹಾಸನದ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಅವನು ವಾರದ ಆರು ದಿನ ದಿನಕ್ಕೆ ಅರ್ಧ ಜಿಬಿಯಂತೆಯೂ ಭಾನುವಾರ ಒಂದೇ ದಿನ ೫ ಜಿಬಿಯನ್ನೂ ಬಳಸುತ್ತಾನೆ. ವಾರಕ್ಕೆ ಒಟ್ಟು ೮ ಜಿಬಿ. ದಿನದ ಸರಾಸರಿ ೧.೧೪ ಜಿಬಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ರೀಪೇಯ್ಡ್ ಪ್ಲಾನು ಇವನಿಗೆ ಧಾರಾಳವಾಗಿ ಸಾಕೆಂದು ಸರಾಸರಿಯು ಹೇಳುತ್ತದೆ. ನಿಜ ಸ್ಥಿತಿ ಬೇರೆ. ಆರು ದಿನ ದಿನವೂ ಒಂದೊಂದು ಜಿಬಿ ಮಧ್ಯರಾತ್ರಿಗೆ ವ್ಯರ್ಥವಾಗುತ್ತದೆ. ಏಳನೆಯ ದಿನ ಒಂದೂವರೆ ಜಿಬಿ ಮುಗಿದೊಡನೆ ವೇಗವು ಕುಸಿಯುತ್ತದೆ. ಅವನಿಗೆ ತಿಂಗಳಿಗೆ ಒಟ್ಟಾಗಿ ೩೫ ಜಿಬಿ ಕೊಡುವ ಪೋಸ್ಟ್‌ಪೇಯ್ಡ್ ಪ್ಲಾನು ಸರಿಹೋಗುತ್ತದೆ. ಪ್ರತಿದಿನವೂ ಒಂದೇ ಹದದಲ್ಲಿ ಬಳಸುವವನಿಗೆ ದಿನದ ಮಿತಿಯಿಂದ ಯಾವ ಬಾಧೆಯೂ ಇಲ್ಲ. ಆದುದರಿಂದ ನೋಡಬೇಕಾದುದು ಸರಾಸರಿಯೊಂದನ್ನೇ ಅಲ್ಲ. ಸರಾಸರಿಯಿಂದ ದಿನಗಳು ಎಷ್ಟು ದೂರ ಸರಿಯುತ್ತವೆ ಎಂಬುದನ್ನು ಕೂಡ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುವ ಪ್ರಸರಣದ ಅಳತೆಗಳು ಪರೀಕ್ಷೆಗೆ ಮಾತ್ರ ಉಪಯುಕ್ತವೆಂದು ತಿಳಿದವರು ಇದನ್ನು ಗಮನಿಸಬೇಕು.

ಕುಟುಂಬದ ಪ್ಲಾನುಗಳ ತತ್ತ್ವವೂ ಇದೇ. ತಂದೆತಾಯಿ ಅರಕಲಗೂಡಿನಲ್ಲಿ, ಮಗ ಹಾಸನದಲ್ಲಿ, ಮಗಳು ಚನ್ನರಾಯಪಟ್ಟಣದಲ್ಲಿ ಇದ್ದು, ನಾಲ್ವರೂ ಒಂದೇ ಕಣಜದಿಂದ ತೆಗೆದುಕೊಳ್ಳುವುದಾದರೆ ಒಬ್ಬರ ಉಳಿಕೆಯು ಮತ್ತೊಬ್ಬರ ಕೊರತೆಯನ್ನು ತುಂಬುತ್ತದೆ. ಹಳ್ಳಿಯಲ್ಲಿರುವ ಹಿರಿಯರು ರೀಚಾರ್ಜಿನ ದಿನವನ್ನು ನೆನಪಿಡಬೇಕಾದ ತೊಂದರೆಯೂ ತಪ್ಪುತ್ತದೆ. ಇದು ಪೋಸ್ಟ್‌ಪೇಯ್ಡಿನ ನಿಜವಾದ ಗುಣ. ಆದರೆ ನಾಲ್ಕು ಊರುಗಳಲ್ಲಿಯೂ ಆ ಒಂದೇ ಕಂಪನಿಯ ಸಂಕೇತವು ಚೆನ್ನಾಗಿರಬೇಕೆಂಬ ಷರತ್ತು ಇದರೊಡನೆ ಬರುತ್ತದೆ. ಹಾಸನದಲ್ಲಿ ಪರೀಕ್ಷಿಸಿ ಅರಕಲಗೂಡಿಗೆ ಕೊಂಡರೆ ಸಾಲದು.

ಬೆಲೆಯ ನಿಜರೂಪ

ಮೂರನೆಯ ಸಂಗತಿ ಬೆಲೆ. ಇಲ್ಲಿಯೇ ಕೊಳಗವು ಎಲ್ಲಕ್ಕಿಂತ ಹೆಚ್ಚು ಡೊಂಕಾಗಿರುವುದು. ೨೦೧೭ನೆಯ ಜುಲೈ ೧ರಿಂದ ದೂರಸಂಪರ್ಕ ಸೇವೆಯ ಮೇಲೆ ಶೇಕಡಾ ೧೮ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಪ್ರೀಪೇಯ್ಡ್ ಬೆಲೆಯನ್ನು ಸಾಮಾನ್ಯವಾಗಿ ತೆರಿಗೆ ಸೇರಿಸಿ ಹೇಳುತ್ತಾರೆ. ಪೋಸ್ಟ್‌ಪೇಯ್ಡ್ ಬಾಡಿಗೆಯನ್ನು ತೆರಿಗೆ ಸೇರಿಸದೆ ಹೇಳುತ್ತಾರೆ. ಮೊದಲನೆಯದರ ತಿಂಗಳು ಬಹುಪಾಲು ೨೮ ದಿನ. ಎರಡನೆಯದರದು ಪಂಚಾಂಗದ ತಿಂಗಳು. ಹೀಗೆ ತೆರಿಗೆಯೂ ಬೇರೆ, ಕಾಲಮಾನವೂ ಬೇರೆ.

ಲೆಕ್ಕಕ್ಕಾಗಿ ಎರಡು ದರಗಳನ್ನು ಕಲ್ಪಿಸಿಕೊಳ್ಳೋಣ. ಪೋಸ್ಟ್‌ಪೇಯ್ಡಿನ ಬಾಡಿಗೆ ೪೦೦ ರೂಪಾಯಿ. ೨೮ ದಿನದ ಪ್ರೀಪೇಯ್ಡ್ ೩೬೦ ರೂಪಾಯಿ. ಮೇಲುನೋಟಕ್ಕೆ ಅಂತರ ೪೦ ರೂಪಾಯಿ. ತೆರಿಗೆ ಸೇರಿಸಿದರೆ ಮೊದಲನೆಯದು ತಿಂಗಳಿಗೆ ೪೭೨, ವರ್ಷಕ್ಕೆ ೫೬೬೪ ರೂಪಾಯಿ. ೩೬೦ನ್ನು ೨೮ರಿಂದ ಭಾಗಿಸಿ ೩೬೫ರಿಂದ ಗುಣಿಸಿದರೆ ಎರಡನೆಯದು ವರ್ಷಕ್ಕೆ ಸುಮಾರು ೪೬೯೩, ತಿಂಗಳಿಗೆ ೩೯೧. ನಿಜವಾದ ಅಂತರವು ತಿಂಗಳಿಗೆ ೮೧ ರೂಪಾಯಿ, ಎಂದರೆ ತೋರಿಕೆಯ ಎರಡರಷ್ಟು. ವರ್ಷಕ್ಕೆ ೯೭೧ ರೂಪಾಯಿ. ಆ ೯೭೧ ರೂಪಾಯಿಗೆ ತಕ್ಕ ಪ್ರಯೋಜನವು ಆ ಮನೆಗೆ ದೊರೆಯುವುದಾದರೆ ಕೊಡಲಿ, ತಪ್ಪಿಲ್ಲ. ನಲವತ್ತೆಂದು ಭಾವಿಸಿ ಎಂಬತ್ತೊಂದನ್ನು ಕೊಡುವುದು ಮಾತ್ರ ಸರಿಯಲ್ಲ. ೨೮ ದಿನದ ತಿಂಗಳಿನ ಬಗ್ಗೆ ಗ್ರಾಹಕರ ಆಕ್ಷೇಪಣೆ ಬಲಿತ ಮೇಲೆ, ೩೦ ದಿನದ ಒಂದು ಪ್ಲಾನನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಒಂದು ಪ್ಲಾನನ್ನೂ ಇಡಲೇಬೇಕೆಂದು ಟ್ರಾಯ್ ೨೦೨೨ರ ಜನವರಿಯಲ್ಲಿ ಆಜ್ಞೆ ಮಾಡಿತು. ಅಂತಹ ಪ್ಲಾನುಗಳು ಇವೆಯೆಂಬುದನ್ನು ಕೇಳಿ ತಿಳಿಯುವವರು ಎಷ್ಟು ಮಂದಿ?

ಗ್ರಾಹಕನ ಮನಸ್ಸಿನದೂ ಇದರಲ್ಲಿ ಪಾಲಿದೆ. ೧೯೮೭ರಲ್ಲಿ ಕೆನೆತ್ ಟ್ರೇನ್, ಡೇನಿಯಲ್ ಮೆಕ್‌ಫ್ಯಾಡನ್, ಮೋಷೆ ಬೆನ್-ಅಕೀವಾ ಎಂಬ ವಿದ್ವಾಂಸರು ಅಮೆರಿಕದ ಮನೆಗಳ ದೂರವಾಣಿ ಬಳಕೆಯನ್ನು ಕುರಿತು ಸಂಶೋಧನೆಯೊಂದನ್ನು ಪ್ರಕಟಿಸಿದರು. ಕರೆಗೊಂದು ಬೆಲೆ ಕೊಡುವುದಕ್ಕಿಂತ ತಿಂಗಳಿಗೊಂದು ನಿಶ್ಚಿತ ಮೊತ್ತವನ್ನು ಕೊಡುವುದನ್ನೇ, ತಮಗೆ ಉಳಿತಾಯವಿಲ್ಲದಿರುವಾಗಲೂ, ಜನರು ಮೆಚ್ಚುವರೆಂಬುದು ಅದರಲ್ಲಿ ಕಂಡುಬಂದಿತು. ಮೆಕ್‌ಫ್ಯಾಡನ್ನರಿಗೆ ಜನರ ಆಯ್ಕೆಗಳನ್ನು ಕುರಿತ ಅಧ್ಯಯನಗಳಿಗಾಗಿ ೨೦೦೦ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ನಿಶ್ಚಿತ ಮೊತ್ತವು ನಿಶ್ಚಿಂತೆಯನ್ನು ಕೊಡುತ್ತದೆ. ಆ ನಿಶ್ಚಿಂತೆಗೂ ಒಂದು ಬೆಲೆಯಿದೆ. ಅದನ್ನು ಅರಿತು ತೆರುವುದು ವಿವೇಕ; ಅರಿಯದೆ ತೆರುವುದು ಅಭ್ಯಾಸ.

ಬಿಲ್ಲು ಎಂಬ ಪ್ರಯೋಗ ವರದಿ

ಪೋಸ್ಟ್‌ಪೇಯ್ಡಿನ ಅತ್ಯುತ್ತಮ ಭಾಗವೆಂದರೆ ಬಿಲ್ಲು. ಅತ್ಯಂತ ಕಡಮೆ ಓದಲ್ಪಡುವ ಬರಹವೂ ಅದೇ. ಬಾಡಿಗೆ, ಮಿತಿ ಮೀರಿದ ಬಳಕೆ, ವಿದೇಶದ ಕರೆ, ಹೆಚ್ಚುವರಿ ಸೇವೆಗಳು, ತೆರಿಗೆ, ಕಳೆದ ತಿಂಗಳ ಬಾಕಿ ಎಂಬ ಸಾಲುಗಳು ಅದರಲ್ಲಿರುತ್ತವೆ. ಒಮ್ಮೆ ಈ ಲೇಖಕನ ಬಿಲ್ಲಿನಲ್ಲಿ, ಎಂದೂ ಬೇಡದಿದ್ದ ಹಾಡಿನ ಸೇವೆಯೊಂದರ ಹೆಸರಿನಲ್ಲಿ ೪೯ ರೂಪಾಯಿ ಸೇರಿತ್ತು. ಕಂಪನಿಯ ಹೆಸರು ಇಲ್ಲಿ ಅಪ್ರಕೃತ. ದೂರು ಕೇಂದ್ರಕ್ಕೆ ಕರೆಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದೇ ಸಂಖ್ಯೆಯನ್ನು ಮತ್ತೆರಡು ಬಾರಿ ಹೇಳಿದ ಮೇಲೆ ಮುಂದಿನ ಬಿಲ್ಲಿನಲ್ಲಿ ಆ ಹಣವನ್ನು ವಜಾ ಮಾಡಿದರು. ಓದದೆ ಬಿಟ್ಟಿದ್ದರೆ ತೆರಿಗೆ ಸೇರಿ ವರ್ಷಕ್ಕೆ ೬೯೪ ರೂಪಾಯಿ ಹೋಗುತ್ತಿತ್ತು. ಬಿಲ್ಲನ್ನು ಓದಲು ಹಿಡಿದ ಹೊತ್ತು ಐದು ನಿಮಿಷ.

ಇಂತಹ ಸಂದರ್ಭಗಳಲ್ಲಿ ಗ್ರಾಹಕನು ನಿರಾಧಾರನಲ್ಲ. ೧೯೯೭ರಲ್ಲಿ ರಚಿತವಾದ ಟ್ರಾಯ್‌ನ ೨೦೧೨ರ ನಿಯಮಗಳ ಮೇರೆಗೆ ಪ್ರತಿ ಕಂಪನಿಯಲ್ಲಿಯೂ ದೂರು ಕೇಂದ್ರವೂ ಅದರ ಮೇಲೆ ಮೇಲ್ಮನವಿ ಪ್ರಾಧಿಕಾರವೂ ಇರತಕ್ಕದ್ದು. ಅಲ್ಲಿ ನ್ಯಾಯ ದೊರೆಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರವಾಣಿಯ ತಕರಾರುಗಳು ಅದರ ವ್ಯಾಪ್ತಿಗೆ ಬರುವುವೇ ಎಂಬ ಸಂಶಯ ಬಹುಕಾಲ ಇದ್ದಿತು. ೨೦೨೨ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರುವುವೆಂದು ತೀರ್ಪಿತ್ತಿತು. ಜಿಲ್ಲೆಯೊಂದರಲ್ಲಿ ಜಾಲವು ೨೪ ಗಂಟೆಗಿಂತ ಹೆಚ್ಚು ಕಾಲ ಕೆಟ್ಟುಹೋದರೆ ಪೋಸ್ಟ್‌ಪೇಯ್ಡ್ ಗ್ರಾಹಕನಿಗೆ ಆ ದಿನಗಳ ಬಾಡಿಗೆಯನ್ನು ಬಿಲ್ಲಿನಲ್ಲಿ ಕಳೆಯಬೇಕೆಂದು ೨೦೨೪ರ ನಿಯಮಗಳು ಹೇಳುತ್ತವೆ. ಸೇವೆ ಹಿಡಿಸದಿದ್ದರೆ ಸಂಖ್ಯೆಯನ್ನು ಬಿಡದೆಯೇ ಕಂಪನಿಯನ್ನು ಬಿಡಬಹುದು. ೨೦೧೧ನೆಯ ಜನವರಿ ೨೦ರಿಂದ ಈ ಸೌಲಭ್ಯವು ದೇಶದಾದ್ಯಂತ ಜಾರಿಯಲ್ಲಿದೆ. ೧೯೦೦ಕ್ಕೆ ಒಂದು ಸಂದೇಶ ಕಳುಹಿಸಿದರೆ ಕೆಲಸ ಆರಂಭವಾಗುತ್ತದೆ. ಆದರೆ ಪೋಸ್ಟ್‌ಪೇಯ್ಡ್ ಗ್ರಾಹಕನು ಬಾಕಿಯನ್ನು ಮೊದಲು ತೀರಿಸಿರಬೇಕು.

ಈ ಬಾಕಿಯ ವಿಷಯದಲ್ಲಿ ತರುಣರಿಗೆ ಒಂದು ಎಚ್ಚರಿಕೆ. ಹದಿನೆಂಟು ತುಂಬದವರ ಹೆಸರಿನಲ್ಲಿ ಸಿಮ್ ಕೊಡುವಂತಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯು ಬಳಸುವ ಪೋಸ್ಟ್‌ಪೇಯ್ಡ್ ಸಂಪರ್ಕದ ಋಣಿಯು ಅವನಲ್ಲ, ಅವನ ತಂದೆಯೋ ತಾಯಿಯೋ. ಸೇವೆ ಬೇಡವೆಂದು ಸಿಮ್ಮನ್ನು ಕಿತ್ತು ಮೇಜಿನ ಖಾನೆಗೆ ಎಸೆದರೆ ಪ್ರೀಪೇಯ್ಡಿನಲ್ಲಿ ನಷ್ಟವೇನೂ ಇಲ್ಲ. ಪೋಸ್ಟ್‌ಪೇಯ್ಡಿನಲ್ಲಿಯಾದರೋ, ಸಂಪರ್ಕವನ್ನು ವಿಧಿಪೂರ್ವಕವಾಗಿ ಮುಚ್ಚಿಸುವವರೆಗೆ ಬಾಡಿಗೆಯು ಏರುತ್ತಿರಬಹುದು. ೨೦೦೫ರ ಸಾಲ ಮಾಹಿತಿ ಕಂಪನಿಗಳ ಶಾಸನದ ಚೌಕಟ್ಟಿನಲ್ಲಿ ದೂರಸಂಪರ್ಕ ಕಂಪನಿಗಳೂ ಬಾಕಿದಾರರ ವಿವರವನ್ನು ನೀಡಬಹುದಾಗಿದೆ. ಮಗನ ಮರೆವಿನಿಂದ ಉಳಿದ ಕೆಲವು ನೂರು ರೂಪಾಯಿಯ ಬಾಕಿಯು, ನಾಳೆ ಬೆಳೆಸಾಲಕ್ಕೋ ಮನೆಸಾಲಕ್ಕೋ ಬ್ಯಾಂಕಿಗೆ ಹೋದ ತಂದೆಯ ಹೆಸರಿನ ಮುಂದೆ ಕಪ್ಪು ಚುಕ್ಕೆಯಾಗಿ ಕಾಣಿಸಬಹುದು. ಇದು ಸಣ್ಣ ಸಂಗತಿಯಲ್ಲ.

ಆಗಬೇಕಾದದ್ದು

ಇಷ್ಟೆಲ್ಲ ಲೆಕ್ಕ ಎಂಬತ್ತು ರೂಪಾಯಿಗಾಗಿ ಏಕೆ ಎಂದು ಕೆಲವರು ಕೇಳಬಹುದು. ನಾಲ್ವರಿರುವ ಮನೆಯಲ್ಲಿ ಅದು ವರ್ಷಕ್ಕೆ ನಾಲ್ಕು ಸಾವಿರದ ಹತ್ತಿರ ಹೋಗುತ್ತದೆ; ಒಬ್ಬ ವಿದ್ಯಾರ್ಥಿಯ ಪುಸ್ತಕಗಳ ಖರ್ಚಿಗೆ ಅದು ಸಾಕು. ಅದಂತಿರಲಿ, ಹಣಕ್ಕಿಂತಲೂ ದೊಡ್ಡದು ಅಭ್ಯಾಸ. ಅಳೆಯದೆ ಒಪ್ಪುವುದನ್ನು ಸಣ್ಣ ಕರಾರಿನಲ್ಲಿ ಕಲಿ‌ತವನು ದೊಡ್ಡ ಕರಾರಿನಲ್ಲಿಯೂ ಹಾಗೆಯೇ ಒಪ್ಪುತ್ತಾನೆ.

ಕಂಪನಿಗಳ ಪರವಾಗಿಯೂ ಒಂದು ವಾದವಿದೆ. ಗ್ರಾಹಕರ ಅಗತ್ಯಗಳು ಬಗೆಬಗೆಯಾಗಿರುವುದರಿಂದ ಪ್ಲಾನುಗಳೂ ಬಗೆಬಗೆಯಾಗಿವೆ, ಎಲ್ಲವನ್ನೂ ಒಂದೇ ಅಚ್ಚಿಗೆ ಎರಕ ಹೊಯ್ದರೆ ಸ್ಪರ್ಧೆಯೇ ಸತ್ತುಹೋಗುತ್ತದೆ ಎಂದು. ವಾದದಲ್ಲಿ ಸತ್ಯಾಂಶವಿದೆ. ಪ್ಲಾನುಗಳೆಲ್ಲ ಒಂದೇ ಆಗಬೇಕೆಂದು ಇಲ್ಲಿ ಕೇಳುತ್ತಿಲ್ಲ. ಅವುಗಳ ಅಳತೆ ಒಂದೇ ಆಗಬೇಕೆಂದಷ್ಟೇ ಕೇಳುತ್ತಿರುವುದು. ಕಿಲೋಗ್ರಾಂ ಬಂದುದರಿಂದ ರಾಗಿಯ ತಳಿಗಳು ಕಡಮೆಯಾಗಲಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಬಿಸ್ಕತ್ತಿನ ಪೊಟ್ಟಣದ ಮೇಲೆ ಕೂಡ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕಲೇಬೇಕು. ಬಿಸ್ಕತ್ತಿಗೆ ಇರುವ ಈ ನಿಯಮವು ತಿಂಗಳಿಗೆ ನಾನ್ನೂರು ಐನೂರು ರೂಪಾಯಿಯ ಸೇವೆಗೆ ಏಕಿರಬಾರದು? ಎಲ್ಲ ಕಂಪನಿಗಳ ದರಗಳನ್ನು ಒಂದೆಡೆ ನೋಡಬಹುದಾದ ತಾಣವನ್ನು ಟ್ರಾಯ್ ೨೦೧೮ರಲ್ಲಿ ತೆರೆಯಿತು, ಅದು ಪ್ರಶಂಸನೀಯ. ಆದರೆ ಹಾಳೆಯನ್ನು ಅಂಟಿಸಿರುವುದು ಅಂಗಡಿಯ ಗೋಡೆಗೆ. ತೆರಿಗೆ ಸೇರಿದ ವರ್ಷದ ಒಟ್ಟು ಖರ್ಚು, ಮಿತಿ ಮೀರಿದರೆ ಬೀಳುವ ದರ, ಆ ತಾಲ್ಲೂಕಿನ ಸಂಕೇತದ ನಕ್ಷೆ, ಈ ಮೂರನ್ನೂ ಕನ್ನಡದಲ್ಲಿ ಆ ಗೋಡೆಯ ಮೇಲೆಯೇ ಕಡ್ಡಾಯವಾಗಿ ತೋರಿಸಬೇಕು. ಬಿಲ್ಲೂ ಕನ್ನಡದಲ್ಲಿರಬೇಕು.

ಶಾಲೆ ಕಾಲೇಜುಗಳ ಪಾಲಿನ ಕೆಲಸ ಇನ್ನೂ ಸುಲಭ. ನಮ್ಮ ಗಣಿತದ ಪುಸ್ತಕಗಳಲ್ಲಿ ನೀರಿನ ತೊಟ್ಟಿಯನ್ನು ಎರಡು ನಲ್ಲಿಗಳು ತುಂಬುತ್ತಲೇ ಇವೆ. ಅವುಗಳ ಪಕ್ಕದಲ್ಲಿ ಒಂದು ನಿಜವಾದ ಬಿಲ್ಲಿಗೂ ಸ್ಥಳ ದೊರೆಯಲಿ. ವಿದ್ಯಾರ್ಥಿಯು ಒಂದು ತಿಂಗಳ ಕಾಲ ಮನೆಯ ಫೋನುಗಳ ದಿನದಿನದ ಬಳಕೆಯನ್ನು ಪುಸ್ತಕದಲ್ಲಿ ಬರೆಯಲಿ. ಫೋನೇ ಆ ಸಂಖ್ಯೆಯನ್ನು ತೋರಿಸುತ್ತದೆ. ತಿಂಗಳ ಕೊನೆಯಲ್ಲಿ ಸರಾಸರಿಯನ್ನೂ ಅತ್ಯಧಿಕ ದಿನವನ್ನೂ ಗುರುತಿಸಲಿ. ನಾಲ್ಕು ಸ್ಥಳಗಳ ಸಂಕೇತದ ಬಲವನ್ನು ಸೇರಿಸಲಿ. ಎರಡು ಮೂರು ಪ್ಲಾನುಗಳ ವರ್ಷದ ಖರ್ಚನ್ನು ತೆರಿಗೆ ಸಹಿತ ಹಾಕಲಿ. ಆಮೇಲೆ ತಂದೆತಾಯಿಯರ ಮುಂದೆ ಆ ಪುಟವನ್ನಿಟ್ಟು ನಿರ್ಧಾರವನ್ನು ಅವರಿಗೆ ಬಿಡಲಿ. ಇದಕ್ಕೆ ಪ್ರಯೋಗಶಾಲೆ ಬೇಡ, ಉಪಕರಣವೂ ಬೇಡ. ಒಂದು ಪೆನ್ಸಿಲು, ಮೂವತ್ತು ಸಾಲುಗಳ ಒಂದು ಪುಟ, ಮತ್ತು ಬಿಡದೆ ಬರೆಯುವ ಶಿಸ್ತು ಇದ್ದರೆ ಸಾಕು.